ಒಂದೇ ಡಿಶ್‌ನಲ್ಲಿ ರೀಚಾರ್ಜ್ ಟಿವಿ, ಬಿಟ್ಟಿ ಟಿವಿ ಎರಡೂ: ಅಡ್ಡಿ ಇರುವುದೆಲ್ಲಿ?

ದೂರದರ್ಶನದ ಬಿಟ್ಟಿ ಸೇವೆ ಫ್ರೀ ಡಿಶ್‌ನ ಸಿಗ್ನಲ್‌ಗೂ ಬೀಗ ಬೀಳುತ್ತಂತೆ, ನೋಂದಾಯಿತ ಬಾಕ್ಸ್‌ನಲ್ಲಿ ಮಾತ್ರ ತೆರೆಯುತ್ತಂತೆ. ಹೊಸ ಟಿವಿಗೆ ಇನ್ನು ಸೆಟ್‌ಟಾಪ್ ಬಾಕ್ಸೇ ಬೇಡವಂತೆ. ಫ್ರೀ ಡಿಶ್‌ನಲ್ಲಿ ಬಿಟ್ಟಿ ಬರುವ ಚಾನೆಲ್‌ಗೆ ಡಿಟಿಎಚ್‌ನಲ್ಲೂ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲವಂತೆ. ಈಚಿನ ವರ್ಷಗಳಲ್ಲಿ ಇಂಥ ಸುದ್ದಿಗಳು ಒಂದರ ಹಿಂದೆ ಒಂದು ಬಂದಿವೆ. ಮೂರೂ ಪೂರ್ತಿ ಗಾಳಿಮಾತಲ್ಲ. ಮೂರಕ್ಕೂ ದೂರಸಂಪರ್ಕ ಮತ್ತು ಪ್ರಸಾರ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನದೋ ಸರ್ಕಾರದ್ದೋ ಒಂದು ಕಾಗದ ಆಧಾರವಾಗಿದೆ. ಆದರೆ ಆ ಕಾಗದಗಳಲ್ಲಿ ಕೆಲವು ಬರೀ ಶಿಫಾರಸು, ಕೆಲವು ಆದೇಶ, ಕೆಲವು ತಾಂತ್ರಿಕ ಮಾನದಂಡ. ಸುದ್ದಿಯಲ್ಲಿ ಮಾತ್ರ ಎಲ್ಲವೂ ಒಂದೇ ಸ್ವರದಲ್ಲಿ ಬಂದವು.

ಹೀಗಾಗಿ ಸಾಮಾನ್ಯ ಬಳಕೆದಾರರ ತಲೆಯಲ್ಲಿ ಉಳಿದಿರುವುದು ಒಂದು ಸರಳ ಪ್ರಶ್ನೆ. ಮಾಳಿಗೆ ಮೇಲೆ ಈಗಾಗಲೇ ಒಂದು ಡಿಶ್ ಇದೆ. ಅದರಲ್ಲೇ ತಿಂಗಳ ರೀಚಾರ್ಜ್‌ನ ಚಾನೆಲ್‌ಗಳೂ ಡಿಡಿ ಫ್ರೀ ಡಿಶ್‌ನ ಚಾನೆಲ್‌ಗಳೂ ಬರುತ್ತವಾ? ಅಥವಾ ಪಕ್ಕದಲ್ಲಿ ಇನ್ನೊಂದು ಕಂಬ ನೆಡಬೇಕಾ?

ತಟ್ಟೆಯ ಮಟ್ಟಿಗೆ ಹೇಳುವುದಾದರೆ, ಬಹುಪಾಲು ಕಡೆ ಒಂದೇ ಸಾಕು. ಕಷ್ಟ ಶುರುವಾಗುವುದು ತಟ್ಟೆಯಿಂದ ಕೆಳಗೆ, ಟಿವಿ ಪಕ್ಕ ಕೂತಿರುವ ಡಬ್ಬಿಯಲ್ಲಿ. ಇದು ಹೀಗಾಗಲು ಆಕಾಶದ ಲೆಕ್ಕವೂ ಕಾರಣ, ವ್ಯಾಪಾರದ ಲೆಕ್ಕವೂ ಕಾರಣ. ವ್ಯಾಪಾರದ ಪಾಲೇ ಜಾಸ್ತಿ.

ಎರಡು ಬಗೆಯ ಸೇವೆ

ದೂರದರ್ಶನದ ಬಿಟ್ಟಿ ಸೇವೆ ಶುರುವಾಗಿದ್ದು 2004ರ ಡಿಸೆಂಬರ್‌ನಲ್ಲಿ. ಆಗ ಅದರ ಹೆಸರು ಡಿಡಿ ಡೈರೆಕ್ಟ್ ಪ್ಲಸ್, ಇದ್ದದ್ದು 33 ಚಾನೆಲ್. ಈಗ ಅದೇ ಡಿಡಿ ಫ್ರೀ ಡಿಶ್. ಇದನ್ನು ನಡೆಸುವುದು ಪ್ರಸಾರ ಭಾರತಿ. ತಿಂಗಳ ಶುಲ್ಕ ಇಲ್ಲ. ಡಿಶ್, ಬಾಕ್ಸ್, ಕೇಬಲ್ ಎಲ್ಲ ಸೇರಿ ಒಂದೇ ಸಲ ಸುಮಾರು 2,000 ರೂಪಾಯಿ ಹಾಕಿದರೆ ಮುಗಿಯಿತು. ಇಲ್ಲಿ ದುಡ್ಡು ಕೊಡುವುದು ನೋಡುಗರಲ್ಲ, ಚಾನೆಲ್‌ನವರು. ಖಾಸಗಿ ಚಾನೆಲ್‌ಗಳು ಇ-ಹರಾಜಿನಲ್ಲಿ ಜಾಗ ಹಿಡಿಯುತ್ತವೆ, ಹಾಕಿದ ದುಡ್ಡನ್ನು ಜಾಹೀರಾತಿನಿಂದ ಹುಟ್ಟಿಸಿಕೊಳ್ಳುತ್ತವೆ.

ರೀಚಾರ್ಜ್ ಮಾಡಿಸುವ ಡಿಟಿಎಚ್‌ನಲ್ಲಿ ಈಗ ಉಳಿದಿರುವುದು ನಾಲ್ಕು ಕಂಪನಿ: ಟಾಟಾ ಪ್ಲೇ, ಏರ್‌ಟೆಲ್, ಡಿಶ್ ಟಿವಿ ಮತ್ತು ಸನ್ ಡೈರೆಕ್ಟ್. ಡಿ2ಎಚ್ 2018ರಲ್ಲಿ ಡಿಶ್ ಟಿವಿಯೊಳಗೆ ಸೇರಿಹೋಯಿತು. ಇವರ ವ್ಯಾಪಾರ ಇಳಿಮುಖದಲ್ಲಿದೆ. 2020ರ ಕೊನೆಗೆ 7 ಕೋಟಿ ದಾಟಿದ್ದ ಸಕ್ರಿಯ ಗ್ರಾಹಕರು 2025ರ ಮಧ್ಯದ ಹೊತ್ತಿಗೆ 5.6 ಕೋಟಿ ಆಸುಪಾಸಿಗೆ ಬಂದಿದ್ದಾರೆ. ಬಿಟ್ಟವರಲ್ಲಿ ಒಂದಷ್ಟು ಜನ ಮೊಬೈಲ್, ಬ್ರಾಡ್‌ಬ್ಯಾಂಡ್ ಕಡೆ ಹೋದರು. ಇನ್ನೊಂದಷ್ಟು ಜನ ಫ್ರೀ ಡಿಶ್‌ಗೆ ಬಂದರು. ಫ್ರೀ ಡಿಶ್ ಈಗ 4 ಕೋಟಿಗೂ ಹೆಚ್ಚು ಮನೆಗಳಲ್ಲಿದೆ ಎಂಬುದು ಉದ್ಯಮದವರ ಅಂದಾಜು. ಅದನ್ನು ಅಂದಾಜು ಅಂತಲೇ ಹೇಳಬೇಕು. ಸಿಗ್ನಲ್‌ಗೆ ಬೀಗ ಇಲ್ಲ, ಯಾರ ಮನೆಯಲ್ಲಿ ಯಾವ ಬಾಕ್ಸ್ ಇದೆ ಅನ್ನುವುದಕ್ಕೆ ಲೆಕ್ಕ ಇಡುವವರಿಲ್ಲ. ಈ ಲೆಕ್ಕ ಇಲ್ಲದಿರುವುದೇ ಮುಂದೆ ದೊಡ್ಡ ವಿಷಯ ಆಗುತ್ತದೆ.

ತಟ್ಟೆಗೆ ಯಾವ ಕಂಪನಿಯೂ ಗೊತ್ತಿಲ್ಲ

ಡಿಶ್ ಮೇಲೆ ದೊಡ್ಡದಾಗಿ ಕಂಪನಿಯ ಹೆಸರು ಬರೆದಿರುತ್ತದೆ. ಅದು ಬರೀ ಬಣ್ಣ. ತಟ್ಟೆ ಅಂದರೆ ಬಗ್ಗಿಸಿದ ಲೋಹದ ಕನ್ನಡಿ. ಮೇಲಿಂದ ಬರುವ ಅಲೆಗಳನ್ನು ಒಂದು ಬಿಂದುವಿಗೆ ಕೂಡಿಸುವುದಷ್ಟೇ ಅದರ ಕೆಲಸ. ಆ ಬಿಂದುವಿನಲ್ಲಿ, ಮುಂದೆ ಚಾಚಿದ ತೋಳಿನ ತುದಿಯಲ್ಲಿ ಕೂತಿರುವ ಪುಟ್ಟ ಸಾಧನವೇ ಎಲ್‌ಎನ್‌ಬಿ. ಅದು ಅಲೆಯನ್ನು ಹಿಡಿದು, ಕೇಬಲ್‌ನಲ್ಲಿ ಹರಿಯುವಷ್ಟು ಕೆಳಗಿನ ಕಂಪನಕ್ಕೆ ಇಳಿಸಿ ಬಾಕ್ಸ್‌ಗೆ ಕಳಿಸುತ್ತದೆ.

ಹಾಗಾದರೆ ಎಲ್ಲ ಡಿಶ್‌ಗಳೂ ಒಂದೇ ಕಡೆ ಯಾಕೆ ನೋಡುವುದಿಲ್ಲ? ಈ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ನೇರ ಮೇಲೆ, 35,786 ಕಿಲೋಮೀಟರ್ ಎತ್ತರದಲ್ಲಿ ಸಾಲಾಗಿ ನಿಂತಿವೆ. ಯಾವುದು ಎಲ್ಲಿ ನಿಂತಿದೆ ಎನ್ನುವುದನ್ನು ರೇಖಾಂಶದಲ್ಲಿ ಹೇಳುತ್ತಾರೆ. ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ, ಅದು ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಟಾಟಾ ಪ್ಲೇ 83 ಡಿಗ್ರಿಯಲ್ಲಿ, ಡಿ2ಎಚ್ 88ರಲ್ಲಿ, ಡಿಶ್ ಟಿವಿ 95ರಲ್ಲಿ, ಏರ್‌ಟೆಲ್ 108.2ರಲ್ಲಿ. ಬೆಂಗಳೂರಿನ ಮಾಳಿಗೆಯಿಂದ ನೋಡಿದರೆ 93.5ರ ಉಪಗ್ರಹ ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 66 ಡಿಗ್ರಿ ಮೇಲೆ ಇರುತ್ತದೆ. ಟಾಟಾ ಪ್ಲೇಯದ್ದು ದಕ್ಷಿಣಕ್ಕೆ ಇನ್ನಷ್ಟು ಹತ್ತಿರ, ಸುಮಾರು 73 ಡಿಗ್ರಿ ಎತ್ತರ. ಏರ್‌ಟೆಲ್‌ನದ್ದು ಹೆಚ್ಚುಕಮ್ಮಿ ಪೂರ್ವದ ಕಡೆ ವಾಲಿ, 52 ಡಿಗ್ರಿ ಆಸುಪಾಸಿನಲ್ಲಿ.

ಈ ಅಂತರದ ಮೇಲೆ ಇಡೀ ಕಥೆ ನಿಂತಿದೆ. ಕನ್ನಡಿಗೆ ಓರೆಯಾಗಿ ಬಂದ ಅಲೆಯೂ ಒಂದು ಬಿಂದುವಿನಲ್ಲಿ ಕೂಡುತ್ತದೆ. ಆದರೆ ಆ ಬಿಂದು ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ಆ ಪಕ್ಕದ ಬಿಂದುವಿನಲ್ಲಿ ಇನ್ನೊಂದು ಎಲ್‌ಎನ್‌ಬಿ ಕಟ್ಟಿದರೆ ಒಂದೇ ತಟ್ಟೆ ಎರಡು ಉಪಗ್ರಹಗಳನ್ನು ಹಿಡಿಯುತ್ತದೆ. ಟಾಟಾ ಪ್ಲೇ ಜೊತೆ ಫ್ರೀ ಡಿಶ್ ಬೇಕು ಅಂದರೆ ನಡುವಿನ ಅಂತರ 10.5 ಡಿಗ್ರಿ. ಮನೆಗಳಲ್ಲಿರುವ 60 ಸೆಂಟಿಮೀಟರ್ ತಟ್ಟೆಯಲ್ಲಿ ಎರಡನೇ ಎಲ್‌ಎನ್‌ಬಿ ಮೊದಲನೆಯದರಿಂದ ಒಂದು ಗೇಣಿಗಿಂತ ತುಂಬಾ ಕಡಿಮೆ ದೂರದಲ್ಲಿ, ಕೆಲವೇ ಸೆಂಟಿಮೀಟರ್ ಪಕ್ಕದಲ್ಲಿ ಕೂರುತ್ತದೆ. ಇದಕ್ಕೆ ಬೇಕಾಗಿರುವುದು ಒಂದು ಸಣ್ಣ ಪಟ್ಟಿ, ಒಂದು ಕ್ಲಾಂಪ್. ಎರಡು ಉಪಗ್ರಹಗಳ ಅಲೆ ಬೇರೆ ಬೇರೆ ಓರೆಯಲ್ಲಿ ಬರುವುದರಿಂದ ಎರಡನೇ ಎಲ್‌ಎನ್‌ಬಿಯನ್ನು ಹಿಡಿಕೆಯೊಳಗೇ ಒಂದಿಷ್ಟು ತಿರುಗಿಸಿಯೂ ಕೂರಿಸಬೇಕು. ಸಿಗ್ನಲ್ ಪಟ್ಟಿ ಏರುವುದೇ ಇಲ್ಲ ಅಂತ ಎಷ್ಟೋ ಕಡೆ ಕೈಬಿಡುವುದು ಈ ತಿರುಗಿಸುವ ಕೆಲಸ ಮರೆತು.

ವಿಚಿತ್ರ ಅಂದರೆ, ಉಪಗ್ರಹಗಳು ತೀರಾ ಹತ್ತಿರ ಇದ್ದರೆ ಕೆಲಸ ಕಷ್ಟ. ಡಿ2ಎಚ್‌ಗೂ ಫ್ರೀ ಡಿಶ್‌ಗೂ 5.5 ಡಿಗ್ರಿ ಅಂತರ. ಅಷ್ಟರಲ್ಲಿ ಎರಡು ಮಾಮೂಲಿ ಎಲ್‌ಎನ್‌ಬಿಗಳ ಮೂತಿ ಒಂದಕ್ಕೊಂದು ತಾಗುತ್ತದೆ, ಸಣ್ಣ ಮೂತಿಯದ್ದನ್ನು ಹುಡುಕಬೇಕು. ಡಿಶ್ ಟಿವಿಯ 95ಕ್ಕೂ ಫ್ರೀ ಡಿಶ್‌ನ 93.5ಕ್ಕೂ ಬರೀ ಒಂದೂವರೆ ಡಿಗ್ರಿ. ಇಲ್ಲಿ ಎರಡನೇ ಎಲ್‌ಎನ್‌ಬಿಗೆ ಜಾಗವೇ ಇಲ್ಲ. 60 ಸೆಂಟಿಮೀಟರ್ ತಟ್ಟೆ ಒಂದು ಸಲಕ್ಕೆ ಕಾಣುವ ಆಕಾಶವೇ ಸುಮಾರು 3 ಡಿಗ್ರಿ. ಹಾಗಾಗಿ ಎರಡರ ನಡುವೆ ಮುಖ ಮಾಡಿ ನಿಲ್ಲಿಸಿದರೆ ಒಂದೇ ಎಲ್‌ಎನ್‌ಬಿಗೆ ಎರಡೂ ಅಷ್ಟಿಷ್ಟು ಸಿಗಬಹುದು. ಕೆಲವು ಮೆಕ್ಯಾನಿಕ್‌ಗಳು ಹೀಗೆ ಹೊಂದಿಸಿಯೂ ಕೊಡುತ್ತಾರೆ. ಬಿಸಿಲು ಇದ್ದಾಗ ಚಿತ್ರ ಚೆನ್ನಾಗೇ ಬರುತ್ತದೆ. ಆದರೆ ಎರಡೂ ಸಿಗ್ನಲ್ ಅಂಚಿನಲ್ಲಿ ನಿಂತಿರುತ್ತವೆ. ಈ ಸೇವೆಗಳು ಬಳಸುವ ಕೆಯು ಬ್ಯಾಂಡ್ ಅಲೆಗಳನ್ನು ಮಳೆ ಹನಿ ಹೀರಿಕೊಳ್ಳುತ್ತದೆ. ಜೋರು ಮೋಡ ಕವಿದರೆ ಸಾಕು, ಮೊದಲು ಚೌಕ ಚೌಕ ಒಡೆದ ಚಿತ್ರ, ಆಮೇಲೆ ನೀಲಿ ಪರದೆ. ಮಲೆನಾಡು, ಕರಾವಳಿಯ ಮನೆಗೆ ಈ ಹೊಂದಾಣಿಕೆ ಹೇಳಿದ್ದಲ್ಲ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಿಯಾಗಿ ಕೂರಿಸಿದ ಡಿಶ್‌ಗೇ ಕಷ್ಟ.

ಸನ್ ಡೈರೆಕ್ಟ್‌ನದ್ದು ಬೇರೆ ಕಥೆ. ಅದು 2007ರ ಕೊನೆಗೆ ಶುರುವಾದಾಗ ದೂರದರ್ಶನದ ಸೇವೆ ಇದ್ದ ಇನ್ಸಾಟ್-4ಬಿಯನ್ನೇ ಬಳಸುತ್ತಿತ್ತು, ಅದೇ 93.5 ಡಿಗ್ರಿ. ಅಂದರೆ ಒಂದೇ ತಟ್ಟೆ, ಒಂದೇ ಎಲ್‌ಎನ್‌ಬಿ ಎರಡೂ ಸೇವೆಯನ್ನು ಹಿಡಿಯಬಲ್ಲದಾಗಿತ್ತು. 2010ರ ಜುಲೈನಲ್ಲಿ ಆ ಉಪಗ್ರಹದ ವಿದ್ಯುತ್ ವ್ಯವಸ್ಥೆ ಕೈಕೊಟ್ಟಿತು. ಸನ್ ಡೈರೆಕ್ಟ್ 91.5 ಡಿಗ್ರಿಯ ಮೀಸ್ಯಾಟ್-3ಕ್ಕೆ ಹೋಯಿತು, ಮನೆ ಮನೆಯ ಡಿಶ್ ತಿರುಗಿಸುವ ಕೆಲಸ ಬಂತು. ಇವತ್ತಿಗೂ ಸನ್ ಡೈರೆಕ್ಟ್ ಇರುವ ಮನೆಯವರು ಮೊದಲು ನೋಡಬೇಕಾದ್ದು ತಮ್ಮ ಡಿಶ್ 91.5ಕ್ಕೆ ಮುಖ ಮಾಡಿದೆಯಾ 93.5ಕ್ಕಾ ಅಂತ. 93.5 ಆಗಿದ್ದರೆ ಅರ್ಧ ಕೆಲಸ ಆಗಿದೆ.

ಕೇಬಲ್ ಸೀಳಿದರೆ ಸಾಲದು

ಒಂದೇ ಎಲ್‌ಎನ್‌ಬಿ ಎರಡೂ ಸೇವೆಗೆ ಸಾಕು ಅಂದಾಗ ಥಟ್ಟನೆ ಹೊಳೆಯುವ ಉಪಾಯ, ಹತ್ತಿಪ್ಪತ್ತು ರೂಪಾಯಿಯ ಸ್ಪ್ಲಿಟರ್ ತಂದು ಕೇಬಲ್ ಎರಡು ಮಾಡುವುದು. ಹಳೇ ಕೇಬಲ್ ಟಿವಿಗೆ ಇದು ನಡೆಯುತ್ತಿತ್ತು, ಡಿಶ್‌ಗೆ ನಡೆಯುವುದಿಲ್ಲ. ಎಲ್‌ಎನ್‌ಬಿ ಸುಮ್ನೆ ಸಿಗ್ನಲ್ ಕಳಿಸುವ ಸಾಧನ ಅಲ್ಲ, ಅದು ಬಾಕ್ಸ್‌ನ ಮಾತು ಕೇಳುತ್ತದೆ. ಬಾಕ್ಸ್ ಅದೇ ಕೇಬಲ್‌ನಲ್ಲಿ 13 ವೋಲ್ಟ್ ಕಳಿಸಿದರೆ ಲಂಬ ಅಲೆಗಳನ್ನು, 18 ವೋಲ್ಟ್ ಕಳಿಸಿದರೆ ಅಡ್ಡ ಅಲೆಗಳನ್ನು ಹಿಡಿಯುತ್ತದೆ. ಒಂದು ಬಾಕ್ಸ್ 13, ಇನ್ನೊಂದು 18 ಕಳಿಸಿದರೆ 18 ಗೆಲ್ಲುತ್ತದೆ, ಮೊದಲನೇ ಟಿವಿ ಕಪ್ಪಾಗುತ್ತದೆ. ಬೇರೆ ಬೇರೆ ಊರಿಗೆ ಹೋಗಬೇಕಾದ ಇಬ್ಬರು ಒಂದೇ ಆಟೋ ಹತ್ತಿದ ಹಾಗೆ, ಜೋರಾಗಿ ಕೂಗಿದವರ ಊರಿಗೇ ಆಟೋ.

ಇದಕ್ಕೆ ಉಪಾಯ ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ. ಒಂದೊಂದು ಬಾಯಿಂದ ಒಂದೊಂದು ಬಾಕ್ಸ್‌ಗೆ ಬೇರೆ ಕೇಬಲ್. ಎರಡು ಉಪಗ್ರಹಕ್ಕೆ ಎರಡು ಎಲ್‌ಎನ್‌ಬಿ ಕಟ್ಟಿದ್ದರೆ ಇನ್ನೂ ಸಲೀಸು: ಎರಡು ಕೇಬಲ್, ಎರಡು ಬಾಕ್ಸ್, ಯಾವ ಸ್ವಿಚ್ಚೂ ಬೇಡ. ಅಂಗಡಿಯಲ್ಲಿ ಡೈಸೆಕ್ ಸ್ವಿಚ್ ಬೇಕೇಬೇಕು ಅಂದರೆ ನಂಬಬೇಡಿ. ಅದು ಬೇಕಾಗುವುದು ಒಂದೇ ಬಾಕ್ಸ್ ಎರಡು ಉಪಗ್ರಹಗಳ ನಡುವೆ ಬದಲಾಯಿಸುತ್ತಾ ಕೂರಬೇಕಾದಾಗ. ಟಿವಿಯ ಹಿಂದೆ ಎರಡು ಕಿಂಡಿ ಇದ್ದರೆ ಆಯಿತು. ಡಿಟಿಎಚ್ ಬಾಕ್ಸ್ ಎಚ್‌ಡಿಎಂಐಗೆ, ಫ್ರೀ ಡಿಶ್‌ನ ಹಳೇ ಬಾಕ್ಸ್ ಕೆಂಪು-ಬಿಳಿ-ಹಳದಿ ಪಿನ್‌ಗೆ.

ನಿಜವಾದ ಬೀಗ ಬಾಕ್ಸ್‌ನಲ್ಲಿ

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಡಿಟಿಎಚ್ ಬಾಕ್ಸ್ ಒಂದು ಸಣ್ಣ ಕಂಪ್ಯೂಟರ್. ಫ್ರೀ ಡಿಶ್‌ನಂಥ ಬೀಗ ಇಲ್ಲದ ಸಿಗ್ನಲ್ ತೋರಿಸುವುದು ಅದಕ್ಕೆ ಯಾವ ಲೆಕ್ಕ? ಹಾಗಿದ್ದರೆ ಎರಡನೇ ಬಾಕ್ಸ್ ಯಾಕೆ?

ಉಪಕರಣದ ಮಟ್ಟಿಗೆ ಈ ಪ್ರಶ್ನೆ ಸರಿಯಾಗೇ ಇದೆ. ಅಡ್ಡಿ ಇರುವುದು ಅದರೊಳಗಿನ ಸಾಫ್ಟ್‌ವೇರ್‌ನಲ್ಲಿ. ಬಹುತೇಕ ಕಂಪನಿಗಳ ಬಾಕ್ಸ್ ತನ್ನ ಜಾಲದ ಪಟ್ಟಿಯನ್ನು ಮಾತ್ರ ಓದುವ ಹಾಗೆ ಕಟ್ಟಲಾಗಿದೆ. ಬೇರೆ ಉಪಗ್ರಹ ಹುಡುಕು ಅಂದರೆ ಅದು ಹುಡುಕುವುದಿಲ್ಲ. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದರೂ ಬಾಕ್ಸ್ ಬದಲಾಗಬೇಕು. ರಿಲಯನ್ಸ್‌ನ ಬಿಗ್ ಟಿವಿ 2008ರಲ್ಲಿ ಶುರುವಾಗಿ, ಕೈ ಬದಲಾಗಿ, ಕೊನೆಗೆ ನಿಂತೇ ಹೋಯಿತು. ಆ ಗ್ರಾಹಕರ ಮನೆಯಲ್ಲಿ ತಟ್ಟೆ, ಕೇಬಲ್ ಗಟ್ಟಿಮುಟ್ಟಾಗೇ ಇದ್ದವು. ಬಾಕ್ಸ್ ಗುಜರಿಗೆ ಹೋಯಿತು.

ಹೀಗಾಗಬಾರದು ಅಂತ ಸರ್ಕಾರ ಮೊದಲೇ ಯೋಚಿಸಿತ್ತು ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. 2001ರ ಡಿಟಿಎಚ್ ಮಾರ್ಗಸೂಚಿಯಲ್ಲೇ, ಅಂದರೆ ದೇಶದಲ್ಲಿ ಒಂದೂ ಡಿಟಿಎಚ್ ಸೇವೆ ಶುರುವಾಗುವ ಮೊದಲೇ, ಬಾಕ್ಸ್ ಯಾವ ಕಂಪನಿಯ ಸೇವೆಗಾದರೂ ಹೊಂದುವ ಹಾಗಿರಬೇಕು ಎಂಬ ಷರತ್ತು ಇತ್ತು. ಅದರಂತೆ ಬಾಕ್ಸ್‌ನಲ್ಲಿ ಒಂದು ಕಿಂಡಿ ಇಡಬೇಕು, ಕಂಪನಿ ಬದಲಿಸಿದರೆ ಆ ಕಿಂಡಿಗೆ ಹೊಸ ಕಂಪನಿಯ ಬೀಗ ತೆಗೆಯುವ ಬಿಡಿಭಾಗ, ಅಂದರೆ ಮಾಡ್ಯೂಲ್ ಮಾತ್ರ ಸಿಕ್ಕಿಸಿಕೊಳ್ಳಬೇಕು. ಕಾಗದದಲ್ಲಿ ಚೆನ್ನಾಗಿತ್ತು. ಮಾರುಕಟ್ಟೆಯಲ್ಲಿ ಆ ಮಾಡ್ಯೂಲ್‌ನ ಬೆಲೆ ಹೊಸ ಕನೆಕ್ಷನ್ ಜೊತೆ ರಿಯಾಯಿತಿಯಲ್ಲಿ ಸಿಗುವ ಬಾಕ್ಸ್‌ಗಿಂತ ದುಬಾರಿ. ಹಾಗಾಗಿ ಯಾರೂ ಕೇಳಲಿಲ್ಲ, ಯಾರೂ ಮಾರಲಿಲ್ಲ. ಷರತ್ತು ಪಾಲನೆಯಾಯಿತು, ಉದ್ದೇಶ ಮಣ್ಣುಪಾಲಾಯಿತು.

2020ರ ಏಪ್ರಿಲ್‌ನಲ್ಲಿ ಟ್ರಾಯ್ ಮತ್ತೆ ಈ ವಿಷಯ ಎತ್ತಿಕೊಂಡಿತು. ಎಲ್ಲ ಬಾಕ್ಸ್‌ಗಳೂ ಪರಸ್ಪರ ಹೊಂದಬೇಕು, ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಅಗ್ಗದ ಮಾಡ್ಯೂಲ್ ಬರಬೇಕು, ಟಿವಿಗಳಲ್ಲೂ ಅಂಥ ಕಿಂಡಿ ಇರಬೇಕು ಅಂತ ಶಿಫಾರಸು ಮಾಡಿತು. ಕಂಪನಿಗಳು ಒಪ್ಪಲಿಲ್ಲ. ಅವುಗಳ ವಾದವನ್ನೂ ಕೇಳಬೇಕು: ಬಾಕ್ಸ್ ಅನ್ನು ನಾವು ಕೈಯಿಂದ ದುಡ್ಡು ಹಾಕಿ ಕಡಿಮೆ ಬೆಲೆಗೆ ಕೊಡುತ್ತೇವೆ, ನಾಳೆ ಗ್ರಾಹಕ ಅದನ್ನು ತೆಗೆದುಕೊಂಡು ಎದುರಾಳಿ ಹತ್ತಿರ ಹೋದರೆ ನಷ್ಟ ನಮ್ಮದು. ಬೀಗದ ತಂತ್ರ ಒಬ್ಬೊಬ್ಬರದು ಒಂದೊಂದು ಥರ, ಹೊರಗಿನ ಕಿಂಡಿ ಕೊಟ್ಟರೆ ಕಳ್ಳತನಕ್ಕೆ ದಾರಿ. ಮೊದಲನೇ ವಾದಕ್ಕೆ ತೂಕ ಇದೆ. ಎರಡನೆಯದು ಅಷ್ಟು ಗಟ್ಟಿ ಅನಿಸುವುದಿಲ್ಲ, ಯಾಕೆಂದರೆ ಹೀಗೆ ಹೊರಗಿಂದ ಸಿಕ್ಕಿಸುವ ಮಾಡ್ಯೂಲ್‌ಗಳು ಯುರೋಪಿನಲ್ಲಿ ವರ್ಷಗಳಿಂದ ಬಳಕೆಯಲ್ಲಿವೆ.

ಬ್ರಿಟನ್ನಿನ ಉದಾಹರಣೆ ಇಲ್ಲಿ ನೋಡುವಂಥದ್ದು. ಅಲ್ಲಿ ದುಡ್ಡಿನ ಸೇವೆ ಸ್ಕೈ, ಬಿಟ್ಟಿ ಸೇವೆ ಫ್ರೀಸ್ಯಾಟ್. ಬಿಬಿಸಿ ಮತ್ತು ಐಟಿವಿ ಸೇರಿ 2008ರಲ್ಲಿ ಫ್ರೀಸ್ಯಾಟ್ ಶುರುಮಾಡಿದಾಗ ಸ್ಕೈ ಇದ್ದ 28.2 ಡಿಗ್ರಿ ಪೂರ್ವದ ಉಪಗ್ರಹಗಳನ್ನೇ ಆರಿಸಿಕೊಂಡವು. ಹಾಗಾಗಿ ಸ್ಕೈ ಬಿಟ್ಟ ಮನೆಯವರು ಗೋಡೆಯ ಡಿಶ್ ಮುಟ್ಟದೆ, ಕೇಬಲ್ ಅನ್ನು ಫ್ರೀಸ್ಯಾಟ್ ಬಾಕ್ಸ್‌ಗೆ ಸಿಕ್ಕಿಸಿದರೆ ಸಾಕಿತ್ತು. 2016ರಲ್ಲಿ ಸ್ಕೈ ತನ್ನ ಹೊಸ ಬಾಕ್ಸ್ ಜೊತೆ ಬೇರೆ ಥರದ ಎಲ್‌ಎನ್‌ಬಿ ತಂದಿತು. ಹಳೇ ಫ್ರೀಸ್ಯಾಟ್ ಬಾಕ್ಸ್‌ಗಳಿಗೆ ಅದರ ಸಿಗ್ನಲ್ ಅರ್ಥವಾಗುತ್ತಿರಲಿಲ್ಲ. ಉಪಗ್ರಹ ಒಂದೇ, ತಟ್ಟೆ ಒಂದೇ ಆಗಿದ್ದರೂ ಒಂದು ಬಿಡಿಭಾಗ ಬದಲಾದದ್ದಕ್ಕೆ ಹಂಚಿಕೆ ಮುರಿಯಿತು. ಎರಡೂ ಥರದ ಎಲ್‌ಎನ್‌ಬಿಗೆ ಹೊಂದುವ ಫ್ರೀಸ್ಯಾಟ್ ಬಾಕ್ಸ್ ಆಮೇಲೆ ಬಂತು.

ನಮ್ಮಲ್ಲಿ ಕಂಪನಿಗಳ ಮಟ್ಟದಲ್ಲಿ ಹಂಚಿಕೆಗೆ ಬಾಗಿಲು ತೆರೆದಿದೆ. 2020ರ ಡಿಸೆಂಬರ್‌ನ ಪರಿಷ್ಕೃತ ಮಾರ್ಗಸೂಚಿ ಡಿಟಿಎಚ್ ಕಂಪನಿಗಳು ತಮ್ಮ ಮೂಲಸೌಕರ್ಯವನ್ನು, ಉಪಗ್ರಹದ ಮೂಲಕ ಬರುವ ಸಿಗ್ನಲ್ ಧಾರೆಯನ್ನೂ, ಇಷ್ಟವಿದ್ದರೆ ಹಂಚಿಕೊಳ್ಳಬಹುದು ಅನ್ನುತ್ತದೆ. ಎರಡು ಕಂಪನಿಗಳು ಹೀಗೆ ಒಂದೇ ಉಪಗ್ರಹಕ್ಕೆ ಬಂದರೆ ಮಾಳಿಗೆ ಮೇಲಿನ ತಲೆನೋವು ತಾನಾಗೇ ಅರ್ಧ ಕಮ್ಮಿ. ಕಂಪನಿಗೆ ಖರ್ಚು ಉಳಿಯುವ ಹಂಚಿಕೆಗೆ ಅವಕಾಶ ಸಿಕ್ಕಿದೆ, ಗ್ರಾಹಕನಿಗೆ ಖರ್ಚು ಉಳಿಯುವ ಹಂಚಿಕೆ ಶಿಫಾರಸಿನಲ್ಲೇ ಕೂತಿದೆ.

ಚಾನೆಲ್ ಒಂದೇ, ಬೆಲೆ ಎರಡು

ಈಗ ಬಿಟ್ಟಿ ಚಾನೆಲ್‌ಗೆ ಡಿಟಿಎಚ್‌ನಲ್ಲೂ ದುಡ್ಡು ಬೇಡವಂತೆ ಎಂಬ ಸುದ್ದಿಗೆ ಆಧಾರವಾದ 2024ರ ಆದೇಶಕ್ಕೆ ಬರೋಣ. ಒಂದು ಚಾನೆಲ್ ಫ್ರೀ ಡಿಶ್‌ನಲ್ಲಿ ಬಿಟ್ಟಿ ಸಿಗುತ್ತದೆ. ಅದೇ ಚಾನೆಲ್ ಡಿಟಿಎಚ್ ಮತ್ತು ಕೇಬಲ್‌ನಲ್ಲಿ ಬೆಲೆ ಹಚ್ಚಿಕೊಂಡು ಬರುತ್ತದೆ. ಡಿಟಿಎಚ್ ಕಂಪನಿಗಳು ಇದನ್ನು ಬಹಳ ಕಾಲದಿಂದ ದೂರುತ್ತಿದ್ದವು: ನಾವು ಸರ್ಕಾರಕ್ಕೆ ಲೈಸೆನ್ಸ್ ಶುಲ್ಕ ಕಟ್ಟುತ್ತೇವೆ, ಪ್ರಸಾರ ಭಾರತಿಗೆ ಆ ಹೊರೆ ಇಲ್ಲ, ಮೇಲಾಗಿ ನಮ್ಮ ಗ್ರಾಹಕ ದುಡ್ಡು ಕೊಡುವ ಚಾನೆಲ್ಲೇ ಅಲ್ಲಿ ಬಿಟ್ಟಿ. ಇದು ಯಾವ ಸಮಾನ ಪೈಪೋಟಿ?

2024ರ ಜುಲೈನಲ್ಲಿ ಟ್ರಾಯ್ ದರ ನಿಯಮಕ್ಕೆ ತಿದ್ದುಪಡಿ ತಂದಿತು. ಫ್ರೀ ಡಿಶ್‌ನಲ್ಲಿ ಶುಲ್ಕವಿಲ್ಲದೆ ಸಿಗುವ ಚಾನೆಲ್ ಅನ್ನು ಎಲ್ಲ ಕಡೆಯೂ ಉಚಿತ ಚಾನೆಲ್ ಅಂತಲೇ ಘೋಷಿಸಬೇಕು ಎಂಬುದು ಅದರ ಒಂದು ಅಂಶ. ಅದೇ ತಿದ್ದುಪಡಿಯಲ್ಲಿ ಕನೆಕ್ಷನ್ ಇಟ್ಟುಕೊಂಡಿದ್ದಕ್ಕೇ ಕಟ್ಟುವ ನೆಟ್‌ವರ್ಕ್ ಶುಲ್ಕದ ಮಿತಿಯನ್ನೂ ಟ್ರಾಯ್ ತೆಗೆದುಹಾಕಿತು. ಅಲ್ಲಿಯವರೆಗೆ ಅದಕ್ಕೆ ಮಿತಿ ಇತ್ತು, 2019ರ ಪದ್ಧತಿಯಲ್ಲಿ 100 ಚಾನೆಲ್‌ಗೆ 130 ರೂಪಾಯಿ, ತೆರಿಗೆ ಸೇರಿ 153.

ಇದರಿಂದ ಡಿಟಿಎಚ್ ಬಿಲ್ ಇಳಿಯುತ್ತದೆ ಅಂದುಕೊಂಡವರು ಸ್ವಲ್ಪ ತಾಳಬೇಕು. ಉಚಿತ ಅಂತ ಘೋಷಿಸಿದ ಚಾನೆಲ್‌ಗೆ ಬೇರೆ ದರ ಇರುವುದಿಲ್ಲ, ಸರಿ. ಆದರೆ ಅದನ್ನು ಮನೆಗೆ ತಲುಪಿಸುವ ನೆಟ್‌ವರ್ಕ್ ಶುಲ್ಕ ಇದ್ದೇ ಇದೆ, ಅದಕ್ಕೀಗ ಮಿತಿಯೂ ಇಲ್ಲ.

ಚಾನೆಲ್‌ನವರ ಕಡೆಯಿಂದ ನೋಡಿದರೆ ಲೆಕ್ಕ ಹೀಗಿದೆ. ಫ್ರೀ ಡಿಶ್‌ಗೆ ಹೋದರೆ ಜಾಹೀರಾತು ಬರುತ್ತದೆ, ಆದರೆ ಡಿಟಿಎಚ್-ಕೇಬಲ್‌ನಿಂದ ಬರುವ ಚಂದಾ ಹೋಗುತ್ತದೆ. ಎರಡೂ ಕೈಯಲ್ಲಿ ತಿನ್ನಲು ಆಗಲ್ಲ ಅಂದಾಗ ಅವರು ಏನು ಮಾಡುತ್ತಾರೆ ಎಂಬುದಕ್ಕೆ ಹಿಂದಿನ ಅನುಭವ ಇದೆ. 2019ರ ಮಾರ್ಚ್‌ನಲ್ಲಿ ಸ್ಟಾರ್ ಉತ್ಸವ್, ಜೀ ಅನ್ಮೋಲ್, ಸೋನಿ ಪಲ್, ರಿಶ್ತೆ ನಾಲ್ಕೂ ಒಟ್ಟಿಗೆ ಫ್ರೀ ಡಿಶ್ ಬಿಟ್ಟವು. 2020ರಲ್ಲಿ ವಾಪಸ್ ಬಂದವು. 2022ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೊರಟವು. ಹಾಗಾಗಿ ನಿಯಮ ಬಿಗಿಯಾದಷ್ಟೂ ಕೆಲವು ದೊಡ್ಡ ಚಾನೆಲ್‌ಗಳು ಬಿಟ್ಟಿ ಪಟ್ಟಿಯಿಂದ ಜಾರುವ ಸಾಧ್ಯತೆ ಇದೆ. ಸಮಾನತೆಗಾಗಿ ತಂದ ನಿಯಮದ ಬೆಲೆಯನ್ನು ಫ್ರೀ ಡಿಶ್ ಮನೆಯವರೇ ಕಟ್ಟಬೇಕಾಗಿ ಬಂದರೆ ಆಶ್ಚರ್ಯ ಇಲ್ಲ.

ಬೀಗ ಬಿದ್ದರೆ ತಟ್ಟೆ ಏನಾಗುತ್ತದೆ?

ಏನೂ ಆಗುವುದಿಲ್ಲ. ಈ ಉತ್ತರವನ್ನು ಸುದ್ದಿಗಳು ಸರಿಯಾಗಿ ಹೇಳಲೇ ಇಲ್ಲ.

2024ರಲ್ಲೇ ಟ್ರಾಯ್ ಇನ್ನೊಂದು ಶಿಫಾರಸು ಕೊಟ್ಟಿತು. ಫ್ರೀ ಡಿಶ್ ಅನ್ನು ಹಂತ ಹಂತವಾಗಿ ಪ್ರತಿ ಬಾಕ್ಸ್ ಗುರುತಿಸಬಲ್ಲ ವ್ಯವಸ್ಥೆಗೆ ಬದಲಿಸಬೇಕು, ಅಂದರೆ ಸಿಗ್ನಲ್‌ಗೆ ಬೀಗ ಹಾಕಿ ನೋಂದಾಯಿತ ಬಾಕ್ಸ್‌ನಲ್ಲಿ ಮಾತ್ರ ತೆರೆಯುವ ಹಾಗೆ ಮಾಡಬೇಕು ಎನ್ನುವುದು ಅದರ ಸಾರ. ಕಾರಣಗಳು ಸ್ಪಷ್ಟ: ಎಷ್ಟು ಮನೆ ಇದೆ ಅನ್ನುವ ಲೆಕ್ಕ ಸಿಗುತ್ತದೆ, ಬೀಗ ಇಲ್ಲದ ಸಿಗ್ನಲ್ ಎತ್ತಿಕೊಂಡು ಅನುಮತಿ ಇಲ್ಲದೆ ಹಂಚುವುದಕ್ಕೆ ತಡೆ ಬೀಳುತ್ತದೆ. ಬೀಗ ಅಂದರೆ ಶುಲ್ಕ ಅಂತ ಅರ್ಥ ಅಲ್ಲ. ಬೀಗ ಹಾಕಿಯೂ ಬಿಟ್ಟಿಯಾಗಿ ಕೊಡಬಹುದು. ಇದಕ್ಕೆ ಬೇಕಾದ ದೇಶೀ ಬೀಗದ ತಂತ್ರ ಐಕ್ಯಾಸ್ ಸಿದ್ಧವಾಗಿದೆ, ಅದನ್ನು ಕೇಂದ್ರದ ನೆರವಿನಿಂದ ಬೆಳೆಸಿದ್ದು ಬೆಂಗಳೂರಿನ ಬೈಡಿಸೈನ್ ಎಂಬ ಕಂಪನಿ.

ಬೀಗದ ಪೆಟ್ಟು ಬೀಳುವುದು ಬಾಕ್ಸ್‌ಗೆ. ಡಿಶ್, ಎಲ್‌ಎನ್‌ಬಿ, ಕೇಬಲ್ ಹಾಗೇ ಇರುತ್ತವೆ. ಇವತ್ತು ಮನೆಗಳಲ್ಲಿರುವ ಅಗ್ಗದ ಫ್ರೀ ಡಿಶ್ ಬಾಕ್ಸ್‌ಗಳಲ್ಲಿ ಅನೇಕವು ಚಿತ್ರವನ್ನು ಕುಗ್ಗಿಸಿ ಕಳಿಸುವ ಎಂಪೆಗ್-2 ಎಂಬ ಹಳೇ ಪದ್ಧತಿಯದ್ದನ್ನು ಮಾತ್ರ ಓದುತ್ತವೆ. ಹೊಸ ಪದ್ಧತಿ ಎಂಪೆಗ್-4ರಲ್ಲಿ ಬರುವ ಚಾನೆಲ್‌ಗಳು ಈಗಲೇ ಅವುಗಳಿಗೆ ಕಾಣುವುದಿಲ್ಲ. ಬೀಗ ಬಂದ ದಿನ ಅವು ಪೂರ್ತಿ ನಿರುಪಯೋಗಿ. ಕೋಟಿಗಟ್ಟಲೆ ಮನೆ, ಅದರಲ್ಲೂ ಬಡವರ ಮನೆ, ಹೊಸ ಬಾಕ್ಸ್ ಕೊಳ್ಳಬೇಕು. ಪ್ರಸಾರ ಜಾಲ ಬೆಳೆಸಲು ಸರ್ಕಾರ 2023ರಲ್ಲಿ ಒಪ್ಪಿದ ಬಿಂಡ್ ಯೋಜನೆಯಲ್ಲಿ ಗಡಿ, ಬುಡಕಟ್ಟು ಮತ್ತು ದೂರದ ಪ್ರದೇಶಗಳಿಗೆ ಬಿಟ್ಟಿ ಕೊಡಲು ಗೊತ್ತುಮಾಡಿದ್ದು 8 ಲಕ್ಷ ಬಾಕ್ಸ್. 4 ಕೋಟಿ ಮನೆಯ ಮುಂದೆ ಇದು ಎಲ್ಲಿಗೆ ಸಾಕು? ಹಾಗಾಗಿ ರಾತ್ರಿ ಬೆಳಗಾಗುವುದರೊಳಗೆ ಬೀಗ ಬೀಳುತ್ತದೆ ಅನ್ನುವ ಭಯ ಬೇಡ. ಯಾವ ಸರ್ಕಾರವೂ ಇಷ್ಟು ಮನೆಯ ಟಿವಿಯನ್ನು ಒಟ್ಟಿಗೆ ಆರಿಸುವ ಧೈರ್ಯ ಮಾಡುವುದಿಲ್ಲ.

ಡಿಶ್ ಹಂಚಿಕೆಯ ದೃಷ್ಟಿಯಿಂದ ಇಲ್ಲಿ ಎರಡು ದಾರಿ ಕವಲೊಡೆಯುತ್ತದೆ. ಬೀಗ ಹಾಕಿ ಫ್ರೀ ಡಿಶ್‌ಗೇ ಮೀಸಲಾದ ಇನ್ನೊಂದು ಥರದ ಬಾಕ್ಸ್ ಕೊಟ್ಟರೆ, ಇಷ್ಟು ದಿನ ಯಾವುದೇ ಸಾಧಾರಣ ಬಾಕ್ಸ್‌ನಲ್ಲಿ ಸಿಗುತ್ತಿದ್ದ ಬಿಟ್ಟಿ ಸೇವೆಯೂ ತನ್ನದೇ ಗೂಡು ಸೇರುತ್ತದೆ. ಬೀಗದ ಜೊತೆಗೇ ಹೊಂದುವ ಬಾಕ್ಸ್ ಅಥವಾ ಮಾಡ್ಯೂಲ್ ಕಡ್ಡಾಯ ಮಾಡಿದರೆ, ಒಂದೇ ಬಾಕ್ಸ್‌ನಲ್ಲಿ ದುಡ್ಡಿನದ್ದೂ ಬಿಟ್ಟಿಯದ್ದೂ ಬರುವ ಕಾಲ ಬರಬಹುದು. ಟ್ರಾಯ್‌ನ ಎರಡು ಶಿಫಾರಸುಗಳನ್ನು ಬಿಡಿಬಿಡಿಯಾಗಿ ಜಾರಿ ಮಾಡುವುದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ಬೀಗ ಮೊದಲು ಬಂದು ಹೊಂದಾಣಿಕೆ ಆಮೇಲೆ ಅಂದರೆ, 2001ರ ಷರತ್ತಿಗೆ ಆದ ಗತಿಯೇ ಇದಕ್ಕೂ.

ಬಾಕ್ಸ್ ಇಲ್ಲದ ಟಿವಿ

ಸೆಟ್‌ಟಾಪ್ ಬಾಕ್ಸ್ ಬೇಡವಂತೆ ಎಂಬ ಸುದ್ದಿ ಬಂದದ್ದು ಭಾರತೀಯ ಮಾನಕ ಬ್ಯೂರೋದ ಒಂದು ಮಾನದಂಡದಿಂದ. ಐಎಸ್ 18112:2022 ಎಂಬ ಅದು ಉಪಗ್ರಹದ ಸಿಗ್ನಲ್ ಓದುವ ಭಾಗ, ಅಂದರೆ ಟ್ಯೂನರ್, ಒಳಗೇ ಇರುವ ಟಿವಿ ಹೇಗಿರಬೇಕು ಅಂತ ಹೇಳುತ್ತದೆ. ಡಿಶ್‌ನಿಂದ ಬಂದ ಕೇಬಲ್ ನೇರ ಟಿವಿಗೆ ಸಿಕ್ಕಿಸಿದರೆ ಬೀಗ ಇಲ್ಲದ ಚಾನೆಲ್‌ಗಳು ಬರುತ್ತವೆ. ಅಂದರೆ ಇದು ಫ್ರೀ ಡಿಶ್‌ಗೆ ಹೇಳಿ ಮಾಡಿಸಿದ್ದು. ಡಿಟಿಎಚ್‌ನ ಬೀಗದ ಚಾನೆಲ್‌ಗೆ ಬಾಕ್ಸ್ ಬೇಕೇ ಬೇಕು.

ಡಿಶ್ ಹಂಚಿಕೊಳ್ಳುವವರಿಗೆ ಇದು ನಿಜಕ್ಕೂ ಅನುಕೂಲ: ಒಂದು ಎಲ್‌ಎನ್‌ಬಿಯ ಕೇಬಲ್ ಡಿಟಿಎಚ್ ಬಾಕ್ಸ್‌ಗೆ, ಇನ್ನೊಂದರದ್ದು ನೇರ ಟಿವಿಗೆ. ಎರಡನೇ ಬಾಕ್ಸ್, ಎರಡನೇ ರಿಮೋಟ್ ಎರಡೂ ತಪ್ಪುತ್ತದೆ. ಆದರೆ ಫ್ರೀ ಡಿಶ್‌ಗೆ ಬೀಗ ಬಿದ್ದರೆ ಈ ಟಿವಿಗಳೂ ಅದನ್ನು ತೋರಿಸಲಾರವು, ಅವಕ್ಕೂ ಬೀಗ ತೆಗೆಯುವ ಮಾಡ್ಯೂಲ್ ಬೇಕಾಗುತ್ತದೆ. ಸರ್ಕಾರದ ಒಂದು ಕೈ ಬೀಗ ಇಲ್ಲದ ಸಿಗ್ನಲ್ ನಂಬಿ ಟಿವಿ ಮಾಡಿ ಅನ್ನುತ್ತಿದೆ, ಇನ್ನೊಂದು ಕೈಗೆ ಅದೇ ಸಿಗ್ನಲ್‌ಗೆ ಬೀಗ ಹಾಕುವ ಸಲಹೆ ಬಂದಿದೆ. ಓದುಗರಿಗೆ ಗೊಂದಲ ಆಗಿದ್ದರೆ ತಪ್ಪು ಅವರದ್ದಲ್ಲ.

ಕನ್ನಡದ ಮನೆಗೆ ಇದು ಬೇಕಾ?

ಇಲ್ಲಿಯವರೆಗಿನ ಮಾತು ಆಗುತ್ತದಾ ಇಲ್ಲವಾ ಎಂಬುದರ ಬಗ್ಗೆ. ಆಗುವುದರಿಂದ ಲಾಭ ಯಾರಿಗೆ ಎನ್ನುವುದು ಬೇರೆ ಪ್ರಶ್ನೆ. ಫ್ರೀ ಡಿಶ್ ಬೆಳೆದದ್ದು ಹಿಂದಿ ಸೀಮೆಯ ನೋಡುಗರನ್ನು ನಂಬಿ. ಅಲ್ಲಿನ ಖಾಸಗಿ ಚಾನೆಲ್‌ಗಳಲ್ಲಿ ಹಿಂದಿಯದ್ದೇ ಕಾರುಬಾರು. ಕನ್ನಡದವರಿಗೆ ಡಿಡಿ ಚಂದನ ಸಿಗುತ್ತದೆ. ಸಂಜೆ ಧಾರಾವಾಹಿಗೆ ಕೂರುವ ಮನೆಗಳ ಕಲರ್ಸ್ ಕನ್ನಡ, ಜೀ ಕನ್ನಡ, ಸುವರ್ಣ, ಉದಯ ಇವೆಲ್ಲ ದುಡ್ಡಿನ ಚಾನೆಲ್‌ಗಳು, ಅಲ್ಲಿ ಸಿಗುವುದಿಲ್ಲ. ಚಂದನವನ್ನಾದರೆ ಡಿಟಿಎಚ್‌ನವರೂ ಕಡ್ಡಾಯವಾಗಿ ಕೊಡಬೇಕು. ಹಾಗಾಗಿ ರೀಚಾರ್ಜ್ ತಪ್ಪದೆ ಮಾಡಿಸುವ, ಒಂದೇ ಟಿವಿ ಇರುವ ಕನ್ನಡದ ಮನೆಗೆ ಎರಡನೇ ಎಲ್‌ಎನ್‌ಬಿ ಕಟ್ಟಿದರೆ ಹೆಚ್ಚೇನೂ ಸಿಗುವುದಿಲ್ಲ.

ಲಾಭ ಆಗುವ ಮನೆಗಳು ಬೇರೆ. ವರ್ಷದಲ್ಲಿ ಕೆಲವು ತಿಂಗಳು ರೀಚಾರ್ಜ್ ನಿಲ್ಲಿಸುವ ಮನೆ. ಎರಡನೇ ಟಿವಿಗೆ ಪ್ರತ್ಯೇಕ ಶುಲ್ಕ ಕಟ್ಟಲು ಮನಸ್ಸಿಲ್ಲದ ಮನೆ. ಪಿಎಂ ಇ-ವಿದ್ಯಾದಂಥ ಪಾಠದ ಚಾನೆಲ್‌ಗಳನ್ನು ಇಂಟರ್‌ನೆಟ್ ಖರ್ಚಿಲ್ಲದೆ ಮಕ್ಕಳಿಗೆ ತೋರಿಸಬೇಕಾದ ಮನೆ. ಡಿಟಿಎಚ್ ಪೂರ್ತಿ ಬಿಡಬೇಕು ಅಂದುಕೊಂಡವರಿಗೂ ಅಷ್ಟೇ. ಅವರು ಹೊಸ ಡಿಶ್ ಕೊಳ್ಳಬೇಕಿಲ್ಲ. ಇರುವ ತಟ್ಟೆಯನ್ನೇ 93.5ಕ್ಕೆ ತಿರುಗಿಸಿ, ಯೂನಿವರ್ಸಲ್ ಎಲ್‌ಎನ್‌ಬಿ ಮತ್ತು ಎಂಪೆಗ್-4 ಓದುವ ಬಾಕ್ಸ್ ಹಾಕಿಕೊಂಡರೆ ಸಾಕು. ಎಂಪೆಗ್-2 ಬಾಕ್ಸ್ ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಈಗ ತೆಗೆದುಕೊಳ್ಳುವಂಥದ್ದಲ್ಲ.

ತಿರುಗಿಸುವ ಮುನ್ನ ಕನೆಕ್ಷನ್ ಪಡೆದಾಗಿನ ಕಾಗದ ಒಮ್ಮೆ ನೋಡಿ. ಡಿಶ್, ಬಾಕ್ಸ್ ಪೂರ್ತಿ ಕೊಂಡದ್ದಾ ಅಥವಾ ಬಾಡಿಗೆಯದ್ದಾ ಎಂಬುದು ಅದರಲ್ಲಿ ಇರುತ್ತದೆ. ಬಾಡಿಗೆಯದ್ದಾದರೆ ಸೇವೆ ಬಿಟ್ಟಾಗ ಕಂಪನಿ ವಾಪಸ್ ಕೇಳಬಹುದು. ಕೊಂಡದ್ದಾದರೆ ತಟ್ಟೆ ನಿಮ್ಮದು, ಅದರ ಮೇಲೆ ಯಾರ ಹೆಸರು ಬರೆದಿದ್ದರೂ ಸರಿ. ಒಂದೇ ಡಿಶ್‌ಗೆ ನಿಮ್ಮದೇ ಮನೆಯ ಎರಡು ಬಾಕ್ಸ್ ಹಾಕಿಕೊಳ್ಳುವುದಕ್ಕೂ, ಒಂದೇ ರೀಚಾರ್ಜ್‌ನ ಚಾನೆಲ್‌ಗಳನ್ನು ಪಕ್ಕದ ಮನೆಗೆ ಎಳೆದುಕೊಡುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದಕ್ಕೆ ಡಿಟಿಎಚ್ ಒಪ್ಪಂದದಲ್ಲಿ ಅವಕಾಶ ಇಲ್ಲ, ಅದರಿಂದ ಕನೆಕ್ಷನ್ನೇ ಹೋಗಬಹುದು.